ಧೂಳಿಲ್ಲದ ಕೆಲಸ

ಬೀದಿಯಲ್ಲಿ ನಿಂತು ‘ಏ ಗುಜರಿ’ ಎಂದು ಎಷ್ಟು ಕೂಗಿದರೂ ಅವರು ತಿರುಗಿ ನೋಡುತ್ತಿರಲಿಲ್ಲ. ‘ಮೇಷ್ಟ್ರೇ’ ಅಂದರೆ ಮಾತ್ರ, ಗ್ರೈಂಡರು ಗರ್ರೆನ್ನುತ್ತಿದ್ದರೂ ಹೇಗೋ ಕೇಳಿಸಿಬಿಡುತ್ತಿತ್ತು. ಎತ್ತಿದ ಸುತ್ತಿಗೆ ಅಲ್ಲೇ ಇಳಿಸಿ ‘ಏನ್ ಸ್ವಾಮಿ?’ ಎನ್ನುತ್ತಿದ್ದರು. ಮೇಷ್ಟ್ರು ಅಂದರೆ ಪಾಠ ಹೇಳಿದವರೇನಲ್ಲ. ಐದನೇ ತರಗತಿಯ ಅರ್ಧಕ್ಕೇ ಶಾಲೆಗೆ ಕೈ ಮುಗಿದವರು. ಮೂವತ್ತು ದಾಟುವವರೆಗೆ ಗುಜರಿ ಅಂಗಡಿಯಲ್ಲಿ ಹಳೇ ಕಾರು ಬಿಚ್ಚುತ್ತಿದ್ದವರು. ಆಮೇಲೆ ಅದೇ ಕಾರುಗಳ ರಿಮ್ಮು, ಪೆಟ್ರೋಲ್ ಟ್ಯಾಂಕು, ಸೈಲೆನ್ಸರ್ ಪೈಪು, ಎಲ್ಲಕ್ಕಿಂತ ಹೆಚ್ಚಾಗಿ ಬ್ರೇಕ್ ಡ್ರಮ್ಮುಗಳಿಂದ ಬಾರಿಸುವ ವಾದ್ಯ ಮಾಡುವುದಕ್ಕೆ ಶುರುವಿಟ್ಟರು. ಒಂದು ಶಾಲೆಯವರು ಎಂಟು ಡ್ರಮ್ಮುಗಳ ಒಂದು ಜೋಡಣೆ ಕೊಂಡುಕೊಂಡು ಮಕ್ಕಳ ಮುಂದೆ ಮೈಕಿನಲ್ಲಿ ‘ಇವರು ನಮ್ಮ ವಾದ್ಯದ ಮೇಷ್ಟ್ರು’ ಎಂದುಬಿಟ್ಟರು ನೋಡಿ, ಅವತ್ತಿನಿಂದ ಅವರಿಗೆ ಎರಡು ಕೊಂಬು ಬಂತು. ಮರುದಿನವೇ ಬಾಗಿಲ ಮೇಲೆ ‘ವಾದ್ಯ ತಯಾರಕರು’ ಎಂದು ಬೋರ್ಡು ಬರೆಸಿದರು. ಪೇಂಟರು ‘ಹಳೇ ಕಾರಿನ ಭಾಗಗಳಿಂದ’ ಅಂತ ಕೆಳಗೆ ಸೇರಿಸಲಾ ಎಂದು ಕೇಳಿದ್ದಕ್ಕೆ ಅವನನ್ನು ಏಣಿಯಿಂದ ಇಳಿಸಿಯೇಬಿಡುವವರಿದ್ದರು.

ಇಷ್ಟೆಲ್ಲ ಹಮ್ಮಿನ ಕೆಳಗೆ ಒಂದು ಸತ್ಯ ಮುಚ್ಚಿಕೊಂಡಿತ್ತು. ಅದನ್ನು ಮೇಷ್ಟ್ರ ಬಾಯಿಂದ ಹೇಳಿಸುವುದಕ್ಕೆ ಯಾರಿಂದಲೂ ಆಗಲಿಲ್ಲ. ಕಿವಿ ಅವರದಲ್ಲ, ಹೆಂಡತಿಯದು.

ಅವಳೂ ಅದೇ ಗುಜರಿ ಅಂಗಡಿಯಲ್ಲಿ ವೈರಿನ ಸಿಪ್ಪೆ ಸುಲಿದು ತಾಮ್ರ ಬೇರೆ ಮಾಡುವ ಕೆಲಸಕ್ಕೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಇವರು ಬಿಚ್ಚಿದ ಬ್ರೇಕ್ ಡ್ರಮ್ಮುಗಳನ್ನು ರಾಶಿಗೆ ಎಸೆಯುತ್ತಿದ್ದರು. ಬ್ರೇಕ್ ಡ್ರಮ್ ಎಂದರೆ ಚಕ್ರದ ಒಳಗೆ ಕೂರುವ, ದಪ್ಪ ತಳದ ಬೋಗುಣಿಯಂಥ ಎರಕದ ಕಬ್ಬಿಣದ ಸಾಮಾನು. ಬ್ರೇಕ್ ಒತ್ತಿದಾಗ ಒಳಗಿನ ಪಟ್ಟಿಗಳು ಅದರ ಗೋಡೆಗೆ ಉಜ್ಜಿ ಗಾಡಿ ನಿಲ್ಲುತ್ತದೆ. ಉಜ್ಜಿ ಉಜ್ಜಿ ಸವೆದ ಪಟ್ಟಿಯ ಪುಡಿ, ಬೂದಿಯಂಥದ್ದು, ಅಲ್ಲೇ ತಳದಲ್ಲಿ ಸೇರಿಕೊಂಡಿರುತ್ತದೆ. ಒಂದು ಡ್ರಮ್ಮು ಬಿದ್ದ ಸದ್ದಿಗೆ ಅವಳು ತಲೆ ಎತ್ತಿ, ‘ಅದು ಆಗಲೇ ಬಿದ್ದದ್ದಕ್ಕಿಂತ ಮೇಲಿನ ದನಿ’ ಅಂದಳು. ಇವರು ನಕ್ಕರು. ಅವಳು ಎದ್ದು ಬಂದು ಆರು ಡ್ರಮ್ಮು ಆರಿಸಿ ಸಾಲಾಗಿಟ್ಟು ಸ್ಪ್ಯಾನರಿನಿಂದ ಒಂದೊಂದಕ್ಕೂ ತಟ್ಟಿದಳು. ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಅಂಗಡಿಯಲ್ಲಿದ್ದವರೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಮೇಷ್ಟ್ರಿಗೆ ಆ ಹುಡುಗಿಯ ಮೇಲೂ ಆ ಕಬ್ಬಿಣದ ಮೇಲೂ ಒಂದೇ ಸಲ ಮನಸ್ಸಾಯಿತು.

ಮದುವೆಯಾಗಿ ಇಬ್ಬರೂ ಅಂಗಡಿ ಬಿಟ್ಟು ತಗಡಿನ ಒಂದು ಶೆಡ್ಡು ಬಾಡಿಗೆಗೆ ಹಿಡಿದರು. ಮುಂದೆ ಕೆಲಸ, ಹಿಂದೆ ಮನೆ, ನಡುವೆ ಕಾರಿನ ಸೀಟು ಕವರುಗಳನ್ನೇ ಹೊಲಿದು ಮಾಡಿದ ಪರದೆ. ಕೆಲಸಕ್ಕೂ ಒಂದು ಕ್ರಮ ಬಂತು. ಅವರು ಡ್ರಮ್ಮು ತರುತ್ತಿದ್ದರು. ಅವಳು ಒಂದೊಂದನ್ನೇ ಊಟದ ತಟ್ಟೆ ಎತ್ತಿದ ಹಾಗೆ ಮುಖದ ಹತ್ತಿರಕ್ಕೆ ಎತ್ತಿ, ಕಣ್ಣು ಮುಚ್ಚಿ, ತಿರುಗಿಸುತ್ತ ತಿರುಗಿಸುತ್ತ ಉಫ್ ಉಫ್ ಎಂದು ಊದುತ್ತಿದ್ದಳು. ಬೂದಿ ಮೇಲೆದ್ದು ಅವಳ ತಲೆಗೂದಲ ಮೇಲೆ, ಹುಬ್ಬಿನ ಮೇಲೆ ಕೂರುತ್ತಿತ್ತು. ಮೂಲೆಯಲ್ಲಿ ಹಿಡಿದುಕೊಂಡದ್ದನ್ನು ಒಣ ಬ್ರಷ್ಷಿನಿಂದ ಕೆರೆದು ಮತ್ತೆ ಊದುತ್ತಿದ್ದಳು. ಆಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, ‘ಇದನ್ನ ಅಂಚಲ್ಲಿ ಉಜ್ಜಿ, ಸಾಕು ಅನ್ನೋವರೆಗೆ’ ಎನ್ನುತ್ತಿದ್ದಳು. ಅವರು ಬಾಗಿಲಾಚೆ ಕೂತು ಗ್ರೈಂಡರು ಹಿಡಿದು ಉಜ್ಜುತ್ತಿದ್ದರು. ಸಾಕು ಎಂದಾಗ ನಿಲ್ಲಿಸುತ್ತಿದ್ದರು. ಜನ ಬಂದು ಬಾರಿಸಿ ನೋಡಿ ‘ಏನ್ ಮೇಷ್ಟ್ರೇ ನಿಮ್ಮ ಕೈ!’ ಎಂದಾಗ, ಕೈ ಅವರದೇ ತಾನೇ, ಸುಮ್ಮನೆ ನಗುತ್ತಿದ್ದರು.

ನೀರು ಮಾತ್ರ ಮುಟ್ಟಿಸುವಂತಿರಲಿಲ್ಲ. ಅದು ಆ ಶೆಡ್ಡಿನ ಕಾನೂನು. ಎರಕದ ಕಬ್ಬಿಣಕ್ಕೆ ನೀರು ಬಿದ್ದರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು, ತುಕ್ಕು ಹಿಡಿದರೆ ದನಿ ಮಂಕು. ಎಣ್ಣೆ ಹಚ್ಚಿದರೆ ಇನ್ನೂ ಮಂಕು. ಬೇರೆಯವರ ಡ್ರಮ್ಮು ‘ಟಪ್’ ಅಂದರೆ ಇವರದು ‘ಠೈಂ’ ಎಂದು ಎಳೆದು ನಿಲ್ಲುವುದು ಇದೇ ಕಾರಣಕ್ಕೆ ಎಂದು ಮೇಷ್ಟ್ರು ಬಂದವರಿಗೆಲ್ಲ ಹೇಳುತ್ತಿದ್ದರು. ಪಕ್ಕದ ಗ್ಯಾರೇಜಿನ ಬ್ರೇಕ್ ಮೆಕ್ಯಾನಿಕ್ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದವನು, ‘ಆ ಪುಡಿ ಒಳ್ಳೇದಲ್ಲ ಗುಜರಿಯಣ್ಣ. ನಮಗೆ ಕಂಪನಿ ತರಬೇತೀಲಿ ಹೇಳಿದ್ರು, ಒದ್ದೆ ಬಟ್ಟೇಲಿ ಒರೆಸಬೇಕಂತೆ, ಊದಬಾರದಂತೆ’ ಅಂದ. ಪಾಪ, ಒಳ್ಳೆಯದಕ್ಕೇ ಹೇಳಿದ. ಆದರೆ ‘ಗುಜರಿಯಣ್ಣ’ ಅಂದುಬಿಟ್ಟನಲ್ಲ! ಮೇಷ್ಟ್ರಿಗೆ ಉಳಿದ ಮಾತು ಕೇಳಿಸಲೇ ಇಲ್ಲ.

‘ನಿನ್ನದು ಗಾಡಿ ನಿಲ್ಲಿಸೋ ಕೆಲಸ, ನನ್ನದು ನುಡಿಸೋ ಕೆಲಸ. ನನಗೆ ಹೇಳಿಕೊಡೋಕೆ ಬರಬೇಡ’ ಎಂದು ಅವನ ಮುಖದ ಮೇಲೆ ಹೊಡೆದಂತೆ ಹೇಳಿದರು.

ಅವನು ಹೋದ ಮೇಲೆ ಹೆಂಡತಿ, ‘ಒದ್ದೆ ಬಟ್ಟೇಲಿ ಒರೆಸಿ ತಕ್ಷಣ ಒಲೆ ಮುಂದೆ ಇಟ್ರೆ ಏನಾಗುತ್ತೆ?’ ಎಂದು ಕೇಳಿದಳು.

‘ದನಿ ಸಾಯುತ್ತೆ, ಇನ್ನೇನಾಗುತ್ತೆ?’

ಅವಳು ಮತ್ತೆ ಕೇಳಲಿಲ್ಲ. ಒಂದೇ ಒಂದು ಡ್ರಮ್ಮನ್ನಾದರೂ ಹಾಗೆ ಒರೆಸಿ ನೋಡಿದ್ದರೆ ಆಗುತ್ತಿತ್ತು. ನೋಡಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ.

ಕೆಮ್ಮು ಶುರುವಾದದ್ದು ಮೂರು ವರ್ಷದ ಹಿಂದೆ. ಒಣ ಕೆಮ್ಮು, ಕಫ ಇಲ್ಲ, ಏನಿಲ್ಲ. ಆಮೇಲೆ ನೀರಿನ ಕೊಡ ಎತ್ತಿದರೆ ಏದುಸಿರು. ಆಮೇಲೆ ಕೊಡವೇನು, ಮಗಳ ತಲೆ ಬಾಚಿದರೂ ಏದುಸಿರು. ಮೇಷ್ಟ್ರು ಅವಳನ್ನು ಹತ್ತಿರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಡಾಕ್ಟರು, ಒಳ್ಳೆಯ ಮನುಷ್ಯ, ಕಾಗದದ ಮೇಲೆ ಪೆನ್ನಿಟ್ಟುಕೊಂಡು ಕೇಳಿದರು.

‘ಏನ್ ಕೆಲಸ ನಿಮ್ಮದು?’

‘ವಾದ್ಯ ಮಾಡ್ತೀವಿ.’ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತರು.

‘ಓಹೋ, ಸಂಗೀತದವರು! ಮರದ ಪುಡಿ, ಗಿಡಿ ಏನಾದ್ರೂ? ಧೂಳಿನ ಕೆಲಸಾನಾ?’

ಧೂಳು ಅಂದರೆ ಗುಜರಿ. ಮೈಕೈಯೆಲ್ಲ ಕಪ್ಪು ಮಾಡಿಕೊಂಡು, ಯಜಮಾನ ಎಸೆದ ಕೂಲಿ ಹಿಡಿದುಕೊಂಡು, ಬಸ್ಸಿನಲ್ಲಿ ಪಕ್ಕದಲ್ಲಿ ಯಾರೂ ಕೂರಿಸಿಕೊಳ್ಳದೆ ನಿಂತೇ ಮನೆಗೆ ಬರುತ್ತಿದ್ದ ಆ ದಿನಗಳು. ಅದನ್ನು ದಾಟಿ ಬಂದ ಮೇಲೂ ಈ ಬಿಳಿ ಬಟ್ಟೆಯ ಮನುಷ್ಯನ ಮುಂದೆ ಒಪ್ಪಿಕೊಳ್ಳಬೇಕೇ?

‘ಛೆ ಛೆ’ ಅಂದರು ಮೇಷ್ಟ್ರು. ‘ನಮ್ಮ ಕೆಲಸದಲ್ಲಿ ಧೂಳೆಲ್ಲಿಂದ ಬಂತು?’

ಹೆಂಡತಿ ಅವರ ಮುಖ ನೋಡಿದಳು. ಅವಳ ಕಿವಿಯ ಹಿಂದೆ, ತಲೆ ಕಟ್ಟಿದ ಬಟ್ಟೆ ಮುಚ್ಚದ ಕಡೆ, ಬೂದಿಬಣ್ಣದ ಒಂದು ಗೆರೆ ಆಗಲೂ ಇತ್ತು. ಡಾಕ್ಟರು ‘ಧೂಳಿನ ಸಂಪರ್ಕ ಇಲ್ಲ’ ಎಂದು ಬರೆದುಕೊಂಡರು. ಕ್ಷಯ ಇರಬಹುದೆಂದು ಆರು ತಿಂಗಳು ಮಾತ್ರೆ ಕೊಟ್ಟರು. ಅದು ಅಲ್ಲವೆಂದಾದ ಮೇಲೆ ಗೂರಲು, ಉಬ್ಬಸ ಅಂದರು, ಬಾಯಿಗೆ ಒತ್ತುವ ಪಂಪು ಕೊಟ್ಟರು. ಪಂಪು ಒತ್ತಿಕೊಂಡರೆ ಸ್ವಲ್ಪ ಹೊತ್ತು ಉಸಿರು ಸಲೀಸು. ಹಾಗೆ ಸಲೀಸಾದ ಉಸಿರನ್ನು ಅವಳು ಏನು ಮಾಡುತ್ತಿದ್ದಳು ಗೊತ್ತೆ? ಎದ್ದು ಬಂದು ಡ್ರಮ್ಮು ಊದುತ್ತಿದ್ದಳು. ಹೇಳುವುದಕ್ಕೇ ಹೊಟ್ಟೆ ಉರಿಯುತ್ತದೆ.

ಎಂಟು ತಿಂಗಳು ಹಾಗೂ ಹೀಗೂ ದೂಡಿ ಕಡೆಗೆ ಅವಳು ಮಂಚ ಹಿಡಿದಳು. ಕೆಲಸ ನಿಲ್ಲುವಂತಿರಲಿಲ್ಲ, ಶಾಲೆಗಳ ಬೇಡಿಕೆ ಇತ್ತು. ಮಗಳು ಆಗಷ್ಟೇ ಹೊಲಿಗೆ ಕಲಿತು ಮುಗಿಸಿದ್ದಳು. ಇಪ್ಪತ್ತರ ಹುಡುಗಿ, ಅಪ್ಪನ ಹಾಗೆ ಮಾತಿಗೆ ಮೊದಲೇ ನಗುವವಳು. ‘ಅಮ್ಮ ಮಲಗಿರ್ಲಿ, ನಾನು ಮಾಡ್ತೀನಿ ಬಿಡಪ್ಪ’ ಎಂದು ತಾನೇ ಬಂದು ಕೂತಳು. ಊದುವುದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟಿಲಿನಿಂದ ನೋಡಿಕೊಂಡು ಬಂದದ್ದು. ದನಿ ಹೇಳುವುದು ಮಾತ್ರ ಅವಳಿಗೆ ಬರಲಿಲ್ಲ. ಅದಕ್ಕೆ ತಾಯಿಯೇ ಬೇಕಾಗಿತ್ತು. ಪರದೆಯ ಆಚೆಯಿಂದ ‘ಇನ್ನೂ ಸ್ವಲ್ಪ... ಸಾಕು’ ಎಂದು ಕೂಗುತ್ತಿದ್ದಳು. ಕೂಗಲು ಉಸಿರು ಸಾಲದೆ ಹೋದಾಗ ಮಂಚದ ಕಬ್ಬಿಣಕ್ಕೆ ಬಳೆಯಿಂದ ತಟ್ಟುತ್ತಿದ್ದಳು. ಒಂದು ತಟ್ಟು ಅಂದರೆ ಸಾಕು, ಎರಡು ಅಂದರೆ ಇನ್ನೂ ಉಜ್ಜಿ. ಅಪ್ಪ ಮಗಳು ಆ ತಟ್ಟಿಗೆ ಕಾದು ಕೂರುತ್ತಿದ್ದರು.

‘ನಮ್ಮಮ್ಮ ಮಲಗಿಕೊಂಡೇ ಫ್ಯಾಕ್ಟರಿ ನಡೆಸ್ತಾಳೆ’ ಎಂದು ಮಗಳು ನಗಿಸುತ್ತಿದ್ದಳು. ನಗು ಬಂದರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ತಾಯಿಯ ತುಟಿ ನೀಲಿಯಾಗುತ್ತಿತ್ತು. ಕ್ರಮೇಣ ಮಗಳು ನಗಿಸುವುದನ್ನು ಬಿಟ್ಟಳು.

ಮೂರನೇ ವರ್ಷ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ಎದೆಯ ಕಾಯಿಲೆಗೆ ಒಬ್ಬ ಡಾಕ್ಟ್ರಮ್ಮ ಇದ್ದರು, ಚಿಕ್ಕ ವಯಸ್ಸಿನವರು, ಸಮಾಧಾನದ ಮಾತಿನವರು. ಎಕ್ಸ್‌ರೇ ತೆಗೆಸಿದರು. ಹಾಳೆ ಕೈಗೆ ಬಂದಾಗ ಮೇಷ್ಟ್ರ ಬೆರಳು ತನ್ನಷ್ಟಕ್ಕೆ ತಾನೇ ಅದನ್ನೊಮ್ಮೆ ಟಪ್ ಎಂದು ತಟ್ಟಿತು. ಏರ್ ಫಿಲ್ಟರಿನ ಡಬ್ಬಿಗಳಿಗೆ ಹಳೇ ಎಕ್ಸ್‌ರೇ ಹಾಳೆಯನ್ನೇ ಬಿಗಿದು ಪುಟ್ಟ ಡ್ರಮ್ಮು ಮಾಡುತ್ತಿದ್ದ ಕೈ ಅದು. ಮಗಳು ‘ಅಪ್ಪಾ!’ ಎಂದು ಹಾಳೆ ಕಿತ್ತುಕೊಂಡಳು. ಮೇಷ್ಟ್ರಿಗೆ ಮೈಯೆಲ್ಲ ನಾಚಿಕೆಯಾಯಿತು.

ಡಾಕ್ಟ್ರಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಆಸ್ಬೆಸ್ಟಾಸ್ ಶೀಟ್ ಮಾಡೋ ಕಾರ್ಖಾನೇಲಿ ಏನಾದ್ರೂ ಕೆಲಸ ಮಾಡಿದ್ರಾ ಇವರು?’

‘ಇಲ್ಲ.’

‘ಮುಂಚಿನ ಚೀಟೀಲಿ ಧೂಳಿನ ಸಂಪರ್ಕ ಇಲ್ಲ ಅಂತ ಬರೆದಿದೆ. ಹೌದಾ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ.’

ಒಮ್ಮೆ ಹೇಳಿಯಾಗಿದೆ. ಈಗ ಬದಲಾಯಿಸಿದರೆ ಆಗ ಸುಳ್ಳು ಹೇಳಿದ್ದು ಎಂದಾಗುತ್ತದೆ. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಮೇಷ್ಟ್ರಿಗೆ ಅದು ಧೂಳು ಎಂದು ಅನ್ನಿಸುತ್ತಲೇ ಇರಲಿಲ್ಲ. ಅದು ಡ್ರಮ್ಮಿನ ಬೂದಿ. ಅದು ಹೋದರೆ ದನಿ ಬರುತ್ತದೆ, ಅಷ್ಟೆ.

‘ಇಲ್ಲ ಡಾಕ್ಟ್ರಮ್ಮ, ನಾವು ವಾದ್ಯದವರು’ ಅಂದರು.

ಹೆಂಡತಿಯ ಎದೆಯಲ್ಲಿ ನೀರು ತುಂಬಿತ್ತು. ಬೆನ್ನಿಗೆ ಸೂಜಿ ಚುಚ್ಚಿ ಎರಡು ಬಾಟಲಿ ತೆಗೆದರು. ಮನೆಗೆ ಬಂದ ಮೇಲೆ ನಾಲ್ಕು ದಿನ ಅವಳು ಹೊಸ ಮನುಷ್ಯಳಾಗಿದ್ದಳು. ಎದ್ದು ಕೂತು ಉಂಡಳು, ಮಗಳಿಗೆ ಜಡೆ ಹಾಕಿದಳು, ಗಂಡನನ್ನು ‘ಗಡ್ಡ ಬೋಳಿಸಿ ಎಷ್ಟು ದಿನ ಆಯ್ತು? ನನ್ನ ತಿಥಿ ಈಗಲೇ ಶುರು ಮಾಡಿದ್ದೀರಾ?’ ಎಂದು ಗದರಿದಳು. ಮೇಷ್ಟ್ರ ಸಂತೋಷ ಹೇಳತೀರದು. ಡಾಕ್ಟ್ರಮ್ಮನಿಗೆ ಏನಾದರೂ ಕೊಡಲೇಬೇಕೆಂದು ಅವರ ಮನಸ್ಸು ಹಾರಿತು. ಸಣ್ಣ ಕಾರಿನ ಸಣ್ಣ ಬ್ರೇಕ್ ಡ್ರಮ್ಮೊಂದನ್ನು ಆರಿಸಿದರು. ಮಗಳು ಊದಿ ಕೊಟ್ಟಳು, ಹೆಂಡತಿ ದನಿ ಹೇಳಿದಳು, ಅವರು ಹೊರಗಡೆಗೆ ಕರಿ ಬಣ್ಣ ಹೊಡೆದು, ಸ್ಪ್ರಿಂಗಿನ ಕಾಲು ಕೂರಿಸಿ, ಮುಂದಿನ ತಪಾಸಣೆಯ ದಿನ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಅವತ್ತು ಹೆಂಡತಿಯನ್ನು ಕರೆತರಬೇಕಾಗಿರಲಿಲ್ಲ. ಸೂಜಿಯಲ್ಲಿ ತೆಗೆದ ನೀರಿನ ವರದಿ ಕೇಳುವುದಷ್ಟೇ ಇತ್ತು.

ಡಾಕ್ಟ್ರಮ್ಮ ‘ಅಯ್ಯೋ ಇದೆಲ್ಲ ಯಾಕೆ?’ ಅನ್ನುತ್ತಲೇ ಪೆನ್ನಿನಿಂದ ತಟ್ಟಿದರು. ಠೈಂ ಎಂದು ಸದ್ದು ಎದ್ದು ಕೋಣೆಯಲ್ಲೆಲ್ಲ ಸುತ್ತಿತು. ಹೊರಗೆ ಸಾಲಿನಲ್ಲಿ ಕೂತಿದ್ದವರು ಇಣುಕಿ ನೋಡಿದರು.

‘ಎಷ್ಟು ಚೆನ್ನಾಗಿದೆ! ಯಾವುದರಲ್ಲಿ ಮಾಡ್ತೀರ?’

ಇಷ್ಟು ವರ್ಷ ಮುಚ್ಚಿಟ್ಟದ್ದು ಆ ಒಂದು ಹೊಗಳಿಕೆಗೆ ಬಾಯಿಗೆ ಬಂದುಬಿಟ್ಟಿತು. ‘ಹಳೇ ಕಾರಿನ ಬ್ರೇಕ್ ಡ್ರಮ್ಮು ಡಾಕ್ಟ್ರಮ್ಮ. ಜನ ಬಿಸಾಕ್ತಾರೆ, ನಾವು ನುಡಿಸ್ತೀವಿ.’

ಅವರ ಮುಖದ ನಗು ನಿಂತಿತು. ಡ್ರಮ್ಮನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ‘ಬ್ರೇಕ್ ಡ್ರಮ್ಮಾ? ಒಳಗೆ ಪುಡಿ ಇರುತ್ತಲ್ಲ. ಅದನ್ನ ಹೇಗೆ ತೆಗೀತೀರ?’

ಮೇಷ್ಟ್ರು ಹುರುಪಿನಿಂದ ಎದ್ದು ನಿಂತು ಡ್ರಮ್ಮನ್ನು ಎರಡೂ ಕೈಯಲ್ಲಿ ಮುಖದ ಹತ್ತಿರ ಎತ್ತಿದರು. ‘ಹೀಗೆ. ಉಫ್! ಉಫ್! ನೀರು ಮುಟ್ಟಿಸೋ ಹಾಗಿಲ್ಲ, ದನಿ ಸತ್ತುಹೋಗುತ್ತೆ. ಅವಳು ಊದಿದ್ರೆ ಒಂದು ಕಣ ಉಳಿಯಲ್ಲ ನೋಡಿ. ಇಪ್ಪತ್ತನಾಲ್ಕು ವರ್ಷದಿಂದ...’

‘ಕೆಳಗಿಡಿ’ ಅಂದರು ಡಾಕ್ಟ್ರಮ್ಮ. ‘ದಯವಿಟ್ಟು ಕೆಳಗಿಡಿ.’

ಆಮೇಲೆ ಅವರು ಹೇಳಿದ್ದು ಮೇಷ್ಟ್ರಿಗೆ ತುಂಡು ತುಂಡಾಗಿ ಕೇಳಿಸಿತು. ಹಳೇ ಬ್ರೇಕ್ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು. ಉಸಿರಿನ ಜೊತೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಅಲ್ಲೇ ಕೂತು ಚುಚ್ಚುತ್ತ ಇರುತ್ತದೆ. ನೀರಿನ ವರದಿಯೂ ಬಂದಿದೆ. ಶ್ವಾಸಕೋಶದ ಹೊದಿಕೆಗೆ ಕ್ಯಾನ್ಸರ್ ಗೆಡ್ಡೆ ಹಬ್ಬಿದೆ.

‘ಅಷ್ಟು ಸಲ ಕೇಳಿದ್ನಲ್ಲ ನಾನು. ಯಾಕೆ ಹೇಳ್ಲಿಲ್ಲ?’

ಮೇಷ್ಟ್ರು ತಿರುಗಿ ಕೇಳಿದರು. ‘ಹೇಳಿದ್ರೆ ಉಳೀತಿದ್ಲಾ?’

ಡಾಕ್ಟ್ರಮ್ಮ ಸುಳ್ಳು ಹೇಳುವವರಲ್ಲ. ‘ಒಳಗೆ ಹೋದದ್ದನ್ನ ತೆಗೆಯೋ ಔಷಧಿ ಯಾರ ಹತ್ರಾನೂ ಇಲ್ಲ. ಆದರೆ ಮೂರು ವರ್ಷದ ಹಿಂದೆ ಗೊತ್ತಾಗಿದ್ರೆ ಅವತ್ತೇ ಆ ಕೆಲಸ ನಿಲ್ಲಿಸ್ತಿದ್ವಿ.’ ಮತ್ತೆ ಕೇಳಿದರು. ‘ಈಗ ಅವರು ಮಲಗಿದ್ದಾರಲ್ಲ. ಈಗ ಊದೋದು ಯಾರು?’

ಮೇಷ್ಟ್ರು ಎದ್ದು ಹೊರಟರು. ಚೀಟಿ ಮರೆತರು, ಬಟ್ಟೆ ಮರೆತರು. ಆಸ್ಪತ್ರೆಯ ಮೆಟ್ಟಿಲು ಇಳಿದದ್ದು, ಬಸ್ಸು ಹತ್ತಿದ್ದು ಯಾವುದೂ ಅವರಿಗೆ ತಿಳಿಯಲಿಲ್ಲ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಾಗ ‘ಬೇಗ ಹೊರಡಪ್ಪಾ, ಬೇಗ ಹೊರಡು’ ಎಂದು ಜೋರಾಗಿಯೇ ಅನ್ನುತ್ತಿದ್ದರು. ಮನೆಯಲ್ಲಿ ಹದಿನಾಲ್ಕು ಡ್ರಮ್ಮು ಬಿದ್ದಿದ್ದವು. ಬೆಳಿಗ್ಗೆ ಬರುವಾಗ ತಾವೇ ಹೇಳಿ ಬಂದಿದ್ದರು, ಸಂಜೆಯೊಳಗೆ ಎಲ್ಲ ಊದಿಟ್ಟಿರು ಎಂದು.

ಮಗಳು ಬಾಗಿಲ ಬೆಳಕಿಗೆ ಕೂತಿದ್ದಳು. ಹುಬ್ಬೆಲ್ಲ ಬೂದಿ. ‘ಬಂದ್ಯಾ ಅಪ್ಪ? ಇನ್ನು ನಾಲ್ಕೇ ಇದೆ’ ಎಂದು ಒಂದನ್ನು ಮುಖಕ್ಕೆ ಎತ್ತಿದಳು. ಮೇಷ್ಟ್ರು ಓಡಿ ಬಂದು ಕೈಗೆ ಹೊಡೆದರು. ಡ್ರಮ್ಮು ಸಿಮೆಂಟು ನೆಲಕ್ಕೆ ಬಿದ್ದು ಸೀಳು ಬಿಟ್ಟಿತು. ಹುಟ್ಟಿದಾಗಿನಿಂದ ಅಪ್ಪನ ಕೈಯಿಂದ ಒಂದು ಏಟು ತಿಂದವಳಲ್ಲ ಅವಳು. ಕೈ ಹಿಡಿದುಕೊಂಡು ಬಾಯಿ ಬಿಟ್ಟು ನೋಡಿದಳು.

‘ಏನಾಯ್ತು ನಿನಗೆ? ಹುಚ್ಚು ಹಿಡೀತಾ?’

‘ಊದಬೇಡ. ಉಸಿರು ಎಳ್ಕೋಬೇಡ. ಹೊರಗೆ ಬಾ, ಹೊರಗೆ ಬಾ ಮೊದಲು.’ ಅವಳ ತಲೆ, ಮುಖ, ಹೆಗಲನ್ನೆಲ್ಲ ಅಂಗೈಯಿಂದ ಒರೆಸತೊಡಗಿದರು. ಒರೆಸಿದಷ್ಟೂ ಧೂಳು ಏಳುತ್ತಿತ್ತು. ಅದನ್ನು ನೋಡಿ ಇನ್ನೂ ಗಾಬರಿಯಾಗಿ ಕೈ ಬಿಟ್ಟರು. ಅಲ್ಲೇ ನಿಂತು ಎಲ್ಲ ಹೇಳಿದರು. ಹಳೇ ಡಾಕ್ಟರು ಕೇಳಿದ್ದು, ತಾವು ಹೇಳಿದ್ದು, ಡಾಕ್ಟ್ರಮ್ಮ ಕೇಳಿದ್ದು, ತಾವು ಹೇಳಿದ್ದು. ಮೆಕ್ಯಾನಿಕ್ ಬಂದು ಎಚ್ಚರಿಸಿದ್ದನ್ನೂ ಬಿಡಲಿಲ್ಲ.

ಪರದೆಯ ಆಚೆಯಿಂದ ಹೆಂಡತಿಯ ದನಿ ಬಂತು. ‘ಒಳಗೆ ಬನ್ನಿ.’

ಅವಳು ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಆ ಕಿವಿಗೆ ಏನು ತಪ್ಪೀತು?

‘ಧೂಳೆಲ್ಲಿಂದ ಬಂತು ಅಂದ್ರಲ್ಲ ಅವತ್ತು’ ಅಂದಳು. ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದಳು. ‘ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತನಕ ಬಂದಿತ್ತು. ಹೇಳಿದ್ರೆ ನಿಮ್ಮ ಮರ್ಯಾದೆ ಹೋಗುತ್ತೆ ಅಂತ ಸುಮ್ಮನಾದೆ. ಏನ್ ಮರ್ಯಾದೆರೀ ಅದು? ಯಾರು ಕೊಟ್ಟಿದ್ದು ನಿಮಗೆ?’

‘ತಪ್ಪಾಯ್ತು ಕಣೇ.’

‘ನನ್ನದು ಬಿಡಿ. ನನ್ನದು ಮುಗೀತು.’ ಅವಳು ಅಳಲಿಲ್ಲ. ‘ಅವಳನ್ನ ಕೂರಿಸಿದ್ರಲ್ಲ ಆ ಜಾಗದಲ್ಲಿ. ಅವಳನ್ನ ಕೂರಿಸಿದ್ವಲ್ಲ. ನಾಳೆನೇ ಕರ್ಕೊಂಡು ಹೋಗಿ ತೋರ್ಸಿ. ಏನು ಹೇಳ್ತಾರೋ ಅದನ್ನ ಬಂದು ನನಗೆ ಹೇಳಿ. ಇನ್ನೊಂದು ಸುಳ್ಳು ಹೇಳಿದ್ರೆ ನನ್ನ ಮುಖ ನೋಡಬೇಡಿ.’

ಮರುದಿನ ಅಪ್ಪ ಮಗಳು ಇಬ್ಬರೂ ಎಕ್ಸ್‌ರೇ ಸಾಲಿನಲ್ಲಿ ನಿಂತರು. ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಅವರ ಹಿಂದೆ ನಿಲ್ಲದೆ ಮುಂದೆ ನಿಂತಳು, ಮುಖ ಕಾಣಬಾರದು ಎಂದೇ ಇರಬೇಕು. ಮೇಷ್ಟ್ರು ಅವಳ ಬೆನ್ನನ್ನೇ ನೋಡುತ್ತಿದ್ದರು. ಉಸಿರಿಗೆ ಬೆನ್ನು ಏರಿ ಇಳಿಯುತ್ತಿತ್ತು. ಎರಡು ವರ್ಷದಿಂದ ದಿನಾ ಪಕ್ಕದಲ್ಲೇ ಕೂತಿದ್ದವಳ ಉಸಿರನ್ನು ಅವರು ಮೊದಲ ಸಲ ನೋಡುತ್ತಿದ್ದರು.

ಮೇಷ್ಟ್ರ ಹಾಳೆಯಲ್ಲಿ ಒಂದು ಗೆರೆ ಇತ್ತು. ಅದರ ಬಗ್ಗೆ ಡಾಕ್ಟ್ರಮ್ಮ ಹೇಳಿದ್ದನ್ನು ಅವರು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ‘ಅವಳದು ಹೇಳಿ’ ಅಂದರು.

‘ಈಗ ಏನೂ ಕಾಣ್ತಿಲ್ಲ.’

ಮೇಷ್ಟ್ರು ಕುರ್ಚಿಯ ಅಂಚು ಹಿಡಿದುಕೊಂಡರು. ಆದರೆ ಡಾಕ್ಟ್ರಮ್ಮನ ಮುಖ ಇನ್ನೂ ಸಡಿಲವಾಗಿರಲಿಲ್ಲ.

‘ಇದು ತಕ್ಷಣ ಕಾಣೋ ಕಾಯಿಲೆ ಅಲ್ಲ’ ಎಂದು ಅವರು ಮಗಳ ಕಡೆಗೇ ತಿರುಗಿ ಹೇಳಿದರು. ‘ಒಳಗೆ ಎಷ್ಟು ಹೋಗಿದೆ ಅಂತ ಈಗ ಹೇಳೋಕಾಗಲ್ಲ. ಬಂದರೆ ಇಪ್ಪತ್ತು ವರ್ಷಕ್ಕೆ ಬರಬಹುದು, ಮೂವತ್ತಕ್ಕೆ ಬರಬಹುದು. ಬರದೇನೂ ಇರಬಹುದು. ವರ್ಷಕ್ಕೊಮ್ಮೆ ಬಂದು ತೋರಿಸ್ತಾ ಇರಿ.’

‘ಎಷ್ಟು ವರ್ಷ ತೋರಿಸ್ಬೇಕು?’ ಎಂದು ಮಗಳು ಕೇಳಿದಳು.

‘ಜೀವನ ಪೂರ್ತಿ’ ಅಂದರು ಡಾಕ್ಟ್ರಮ್ಮ.

ಹೊರಗೆ ಬಂದು ಆಸ್ಪತ್ರೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅವಳಿಗೆ ಇಪ್ಪತ್ತೆರಡು. ಅವರಿಗೆ ಐವತ್ತೈದು. ಆ ಲೆಕ್ಕವನ್ನು ಯಾರೂ ಬಾಯಿ ಬಿಟ್ಟು ಮಾಡಲಿಲ್ಲ. ಮಗಳೇ ಮೊದಲು ಮಾತು ತೆಗೆದಳು.

‘ಅಮ್ಮನಿಗೆ ಇದನ್ನ ಹೇಳೋದು ಬೇಡ. ಏನೂ ಇಲ್ಲ ಅಂದ್ರು ಅಂತ ಹೇಳೋಣ.’

‘ಸುಳ್ಳು ಹೇಳಬೇಡಿ ಅಂದಿದ್ದಾಳೆ.’

‘ಹೇಳಬಾರದ ಕಡೆಯೆಲ್ಲ ಸಲೀಸಾಗಿ ಸುಳ್ಳು ಹೇಳಿದ್ಯಲ್ಲಪ್ಪ’ ಅಂದಳು ಅವಳು, ದನಿ ಎತ್ತದೆ. ‘ಈ ಒಂದು ನನಗೋಸ್ಕರ ಹೇಳು.’

ಮನೆಗೆ ಬಂದಾಗ ಹೆಂಡತಿ ಮಲಗಿರಲಿಲ್ಲ. ಮಗಳು ನೇರವಾಗಿ ಹೋಗಿ ಮಂಚದ ಮೇಲೆ ಕೂತು, ‘ಏನೂ ಇಲ್ಲವಂತೆ ಅಮ್ಮ. ಗಾಜಿನ ಹಾಗೆ ಇದೆಯಂತೆ ನನ್ನ ಎದೆ’ ಎಂದು ನಕ್ಕಳು. ನಗು ಚೆನ್ನಾಗಿಯೇ ಬಂತು. ತಾಯಿ ಅವಳ ಬೆನ್ನು ಸವರಿದಳು. ಕಣ್ಣು ಮಾತ್ರ ಬಾಗಿಲಲ್ಲಿ ನಿಂತ ಗಂಡನ ಮೇಲಿತ್ತು.

‘ನನ್ನ ಕಡೆ ನೋಡಿ ನೀವು ಹೇಳಿ’ ಅಂದಳು. ‘ಹೌದಾ?’

ಮೇಷ್ಟ್ರ ನಾಲಿಗೆ ಹೊರಳಲಿಲ್ಲ. ಇಬ್ಬರು ಡಾಕ್ಟರುಗಳ ಮುಂದೆ ಕಣ್ಣು ಮಿಟುಕಿಸದೆ ಆಡಿದ ನಾಲಿಗೆ ಅದು. ಮಗಳು ತಾಯಿಯ ಹೆಗಲಿಗೆ ಮುಖ ಒತ್ತಿ ಕೂತಿದ್ದಳು. ಅವಳ ಕೈ ಹಾಸಿಗೆಯ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದಿತ್ತು.

‘ಹೌದು ಕಣೇ’ ಅಂದರು. ‘ಏನೂ ಇಲ್ಲ. ಡಾಕ್ಟ್ರಮ್ಮನೇ ಹೇಳಿದ್ರು.’

ಅವಳು ಅವರನ್ನೇ ನೋಡುತ್ತಿದ್ದಳು. ಒಂದು ಡ್ರಮ್ಮು ತಟ್ಟಿದ ಮೇಲೆ ದನಿ ಪೂರ್ತಿ ನಿಲ್ಲುವವರೆಗೆ ಕಾಯುತ್ತಿದ್ದಳಲ್ಲ, ಅಷ್ಟೇ ಹೊತ್ತು. ಆಮೇಲೆ ‘ಸರಿ’ ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಐದನೆಯ ದಿನ ಹೋಗಿಬಿಟ್ಟಳು. ನಂಬಿಕೊಂಡು ಹೋದಳೋ, ನಂಬಿದ ಹಾಗೆ ಇದ್ದು ಹೋದಳೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಶೆಡ್ಡಿನಲ್ಲಿ ಉಳಿದ ಡ್ರಮ್ಮುಗಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಸಾಗಿಸಿದರು. ಗೋಡೆ, ನೆಲ, ತಗಡಿನ ಸಂದು ಎಲ್ಲವನ್ನೂ ಮಗಳನ್ನು ಒಳಗೆ ಬಿಡದೆ ತಾವೊಬ್ಬರೇ ತೊಳೆದರು. ಈಗ ಮತ್ತೆ ಅದೇ ಹಳೇ ಯಜಮಾನನ ಅಂಗಡಿಯಲ್ಲಿ ಕಾರು ಬಿಚ್ಚುತ್ತಾರೆ. ಅಲ್ಲಿ ಅವರನ್ನು ಮೇಷ್ಟ್ರು ಎಂದು ಯಾರೂ ಕರೆಯುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ.

ಮಗಳು ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಶೀನು ಹಾಕಿಕೊಂಡಿದ್ದಾಳೆ. ಅಪ್ಪನ ಜೊತೆ ಮಾತು ಮತ್ತೆ ಶುರುವಾಗಿದೆ, ಅಗತ್ಯದ್ದು. ಒಮ್ಮೊಮ್ಮೆ ಬಟ್ಟೆ ಹೊಲಿಯುತ್ತ ಅವಳು ಕೆಮ್ಮುತ್ತಾಳೆ. ಉಣ್ಣುತ್ತ ಕೂತ ಅಪ್ಪನ ತುತ್ತು ಕೈಯಲ್ಲೇ ನಿಲ್ಲುತ್ತದೆ.

‘ಏನಿಲ್ಲಪ್ಪ. ನೂಲು ಗಂಟಲಿಗೆ ಸಿಕ್ತು’ ಎಂದು ಅವಳು ಒಳಗಿನಿಂದ ಕೂಗುತ್ತಾಳೆ.

ಇರಬಹುದು, ನೂಲೇ ಇರಬಹುದು. ಅವರು ನಂಬುವುದಿಲ್ಲ.